ಪಾಪಣ್ಣನ ಹಣ ಎಲ್ಲಿಗೆ ಹೋಯಿತು?

ಹೈದರಾಬಾದಿನ ಮಾದಾಪುರದಲ್ಲಿ, ಗಾಜಿನ ಕಟ್ಟಡಗಳ ನಡುವೆ, ದುರ್ಗಂ ಚೆರುವು ಇದೆ. ಗೋಲ್ಕೊಂಡ ಕೋಟೆಗೆ ಒಂದು ಕಾಲಕ್ಕೆ ಕುಡಿಯುವ ನೀರು ಕೊಟ್ಟ ಕೆರೆ. ಬಂಡೆಗುಡ್ಡಗಳ ಮರೆಯಲ್ಲಿದ್ದುದರಿಂದ ಅದಕ್ಕೆ ‘ಗುಟ್ಟಿನ ಕೆರೆ’ ಎಂಬ ಹೆಸರೂ ಬಂತು. ಒಂದು ಕೆರೆಯನ್ನೇ ಬಚ್ಚಿಡಬಲ್ಲ ಬಂಡೆಗಳು ನಾಲ್ಕು ಕೊಪ್ಪರಿಗೆ ಹೊನ್ನನ್ನು ಬಚ್ಚಿಡಲಾರವೇ? ತೆಲಂಗಾಣದ ಗುಡ್ಡಗಳಲ್ಲಿ ನಿಧಿಯ ಆಸೆ ಹುಟ್ಟುವುದು ಹೀಗೆ.

ಮಾದಾಪುರದ ಕಚೇರಿಗಳಿಂದ ನಾಲ್ವರು ಗೆಳೆಯರು ರಜೆಯ ದಿನ ವರಂಗಲ್ ಹೆದ್ದಾರಿ ಹಿಡಿದರೆ ಎರಡು-ಎರಡೂವರೆ ಗಂಟೆಯಲ್ಲಿ ಖಿಲಾ ಶಾಪುರ ತಲುಪಬಹುದು. ನಮ್ಮ ಯಾದಗಿರಿಯ ಶಹಾಪುರವಲ್ಲ. ಇದು ಜನಗಾಂವ್ ಜಿಲ್ಲೆಯ ಹಳ್ಳಿ. ಅಲ್ಲಿನ ಕಲ್ಲುಕೋಟೆ ಸರ್ವಾಯಿ ಪಾಪಣ್ಣನದು. ಮೊಘಲರ ಬರಹಗಳಲ್ಲಿ ಅವನು ದರೋಡೆಕೋರ, ಜನರ ಹಾಡಿನಲ್ಲಿ ವೀರ. ದರೋಡೆಕೋರನ ಕೋಟೆ ಎಂದಮೇಲೆ ‘ಹಣ ಎಲ್ಲಿಟ್ಟ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೆ ಉತ್ತರ ನೆಲದಡಿಗಿಂತ ಹೆಚ್ಚಾಗಿ ಚರಿತ್ರೆಯಲ್ಲಿ ಸಿಗುತ್ತದೆ.

ಪಾಪಣ್ಣ ಸೇಂದಿ ಇಳಿಸುವ ಕುಲದವನು, ನಮ್ಮಲ್ಲಿಯ ಈಡಿಗರಂತೆ. ಮೊಘಲ್ ಇತಿಹಾಸಕಾರ ಖಾಫಿ ಖಾನ್ ಹೇಳುವಂತೆ ಅವನು ಮೊದಲು ದೋಚಿದ್ದು ಸ್ವಂತ ಅಕ್ಕನ ಮನೆಯನ್ನು. ಆ ಹಣದಿಂದ ಗುಂಪು ಕಟ್ಟಿದ. ವರಂಗಲ್–ಹೈದರಾಬಾದ್ ದಾರಿಯ ವರ್ತಕರನ್ನು ಸುಲಿದ. ಔರಂಗಜೇಬನ ಕೊನೆಗಾಲ. ದಖನಿನಲ್ಲಿ ಆಡಳಿತ ಸಡಿಲಗೊಂಡಿತ್ತು. ಮುತ್ತಿಗೆ ಹಾಕಿದ ಸೈನ್ಯ ಶಾಪುರದ ಕೋಟೆಯನ್ನು ಒಮ್ಮೆ ಕೆಡವಿಹಾಕಿತು. ಪಾಪಣ್ಣ ಹಿಂತಿರುಗಿ ಬಂದು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಸಿದ. ಅಂದರೆ ಲೂಟಿಯ ಒಂದು ಪಾಲು ಗೋಡೆಗೇ ಹೋಯಿತು.

1708ರ ಮೊಹರಂ ಸಮಯದಲ್ಲಿ, ಊರು ಹಬ್ಬದ ಆಚರಣೆಯಲ್ಲಿ ಮುಳುಗಿದ್ದಾಗ, ಅವನ ಜನ ವರಂಗಲ್ ಕೋಟೆ ಹತ್ತಿ ಇಳಿದರು. ದಿನಗಟ್ಟಲೆ ಸುಲಿಗೆ ನಡೆಯಿತು. ಬಳಿಕ ಭುವನಗಿರಿಯ ಮೇಲೂ ದಾಳಿ ನಡೆಯಿತು. ಬಂದ ಹಣದಲ್ಲಿ ಬಂದೂಕು ಕೊಂಡ, ಕಾವಲು ಪಡೆ ಸಾಕಿದ, ಪಲ್ಲಕ್ಕಿಯಲ್ಲಿ ಕೂತು ರಾಜನಂತೆ ಓಡಾಡಿದ. ಬಂಜಾರರಿಂದ ಕಿತ್ತುಕೊಂಡ ಸಾವಿರಾರು ದನಗಳನ್ನು ಹೊಲ ಉಳುವುದಕ್ಕೆ ಹೂಡಿಸಿದ. ಇವೆಲ್ಲ ಹೂತಿಡುವವನ ಲಕ್ಷಣವಲ್ಲ, ರಾಜ್ಯ ಕಟ್ಟಬೇಕೆಂದವನ ಖರ್ಚು.

1709ರಲ್ಲಿ ಬಾದಶಹ ಬಹಾದ್ದೂರ್ ಶಾಹ ಹೈದರಾಬಾದಿಗೆ ಬಂದ. ಪಾಪಣ್ಣ ಅವನ ಮುಂದೆ ಹೋಗಿ 14 ಲಕ್ಷ ರೂಪಾಯಿ ಕಾಣಿಕೆ ಒಪ್ಪಿಸಿದ. ಮರ್ಯಾದೆಯ ಉಡುಗೊರೆ ಪಡೆದ. ಜನರಿಂದ ದೋಚಿದ ಹಣ ಅರಮನೆಗೆ ಸೇರಿದೊಡನೆ ದರೋಡೆಕೋರ ಗೌರವಸ್ಥನಾದ! ಆದರೆ ಊರಿನ ದೊಡ್ಡ ಮನೆತನಗಳು ಸುಮ್ಮನಿರಲಿಲ್ಲ. ಅವರ ದೂರಿಗೆ ಕಾರಣವಿತ್ತು: ಪಾಪಣ್ಣ ವರಂಗಲ್‌ನಿಂದ ಹೊತ್ತೊಯ್ದದ್ದು ಬರೀ ಹೊನ್ನು, ರತ್ನಗಂಬಳಿಗಳಲ್ಲ; ಮನುಷ್ಯರನ್ನೂ ಒಯ್ದಿದ್ದ. ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ನಿಧಿಯ ಕಥೆಗಳಲ್ಲಿ ಎಂದೂ ಲೆಕ್ಕಕ್ಕೆ ಬಾರದ ಸಂಪತ್ತು ಅದು.

ಅವನ ಅಂತ್ಯ ಶುರುವಾದದ್ದೂ ಆ ಸೆರೆಯಾಳುಗಳಿಂದಲೇ. ಅವರಲ್ಲಿ ಪಾಪಣ್ಣನ ಹೆಂಡತಿಯ ಅಣ್ಣನೂ ಇದ್ದ. ಆಕೆ ಊಟದ ಜೊತೆ ಅರಗಳನ್ನು ಒಳಗೆ ಸಾಗಿಸಿದಳು. ಪಾಪಣ್ಣ ಹೊರಗಿದ್ದಾಗ ಬೇಡಿ ಕತ್ತರಿಸಿಕೊಂಡ ಸೆರೆಯಾಳುಗಳು ಕೋಟೆಯನ್ನೇ ವಶಮಾಡಿಕೊಂಡರು. ತಾನು ಕಟ್ಟಿಸಿದ ಬಾಗಿಲು ಅವನಿಗೇ ಮುಚ್ಚಿತು. 1710ರಲ್ಲಿ, ಗಾಯಗೊಂಡು ವೇಷ ಮರೆಸಿ ಓಡುತ್ತಿದ್ದವನನ್ನು ಗುರುತು ಹಿಡಿದವನು ಸೇಂದಿ ಇಳಿಸುವವನೊಬ್ಬ. ಪಾಪಣ್ಣನ ತಲೆಯನ್ನು ಬಾದಶಹನ ಬಳಿಗೆ ಕಳಿಸಿದರು, ದೇಹವನ್ನು ಹೈದರಾಬಾದಿನ ಬಾಗಿಲಲ್ಲಿ ತೂಗುಹಾಕಿದರು.

ಹೀಗೆ ಲೆಕ್ಕ ಹಾಕಿದರೆ ಹೂಳುವುದಕ್ಕೆ ಉಳಿದದ್ದೆಷ್ಟು? ಆದರೂ ನಿಧಿಯ ನಂಬಿಕೆ ಹಳೆಯದು. ಕನ್ನಡದ ದಾನಶಾಸನಗಳು ಭೂಮಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನು ಎಣಿಸುತ್ತವೆ. ನೀರು ಕಲ್ಲುಗಳಂತೆ ನಿಧಿಯೂ ನೆಲದ ಹುಟ್ಟುವಳಿ ಎಂಬ ಭಾವನೆ. 1878ರ ನಿಧಿ ಕಾಯ್ದೆಯೂ ಹತ್ತು ರೂಪಾಯಿ ಮೀರಿದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದು ವಿಧಿಸಿತು.

ಆಸೆ ಶಾಸನಕ್ಕೂ ಬಗ್ಗದು, ಕಾಯ್ದೆಗೂ ಬಗ್ಗದು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದರು. 1539ರಲ್ಲಿ ತೀರಿಕೊಂಡ ಸನ್ಯಾಸಿ ಏನು ಕೂಡಿಟ್ಟಿದ್ದಾರು ಎಂದು ಒಂದು ಗಳಿಗೆ ಯೋಚಿಸಿದ್ದರೆ ಹಾರೆ ಕೈಗೆ ಬರುತ್ತಿರಲಿಲ್ಲ. ಭಕ್ತರು ಕೂಡಲೇ ಅದನ್ನು ಮತ್ತೆ ಕಟ್ಟಿದರು.

ಶಾಪುರದ ಬುರುಜಿಗೆ ಅಂಥ ಭಕ್ತರಿಲ್ಲ. ಪಾಪಣ್ಣನ ಹಣದಲ್ಲಿ ಇಂದಿಗೂ ಕಣ್ಣಿಗೆ ಕಾಣುವಂತೆ ಉಳಿದ ಭಾಗ ಆ ಕಲ್ಲುಗಳೇ. ನಿಧಿ ಹುಡುಕಿ ಹೋದ ಗೆಳೆಯರು ಬುಡ ಅಗೆದರೆ, ಹುಡುಕುತ್ತಿದ್ದುದನ್ನೇ ಕೆಡವಿದಂತೆ.