ಆಗ್ರಾ ಕರಡಿ ರಕ್ಷಣಾ ಕೇಂದ್ರ

ಆಗ್ರಾ ಕರಡಿ ರಕ್ಷಣಾ ಕೇಂದ್ರವು ಉತ್ತರ ಪ್ರದೇಶದ ಆಗ್ರಾ ನಗರದ ಸಮೀಪ, ಕೀಠಮ್‌ನಲ್ಲಿರುವ ಸೂರ್ ಸರೋವರ್ ಪಕ್ಷಿಧಾಮದ ಆವರಣದಲ್ಲಿದೆ. ಹಿಂದೆ ಬೀದಿಗಳಲ್ಲಿ ಕುಣಿಸಲಾಗುತ್ತಿದ್ದ ಸ್ಲಾತ್ ಜಾತಿಯ ಕರಡಿಗಳಿಗೆ ಇಲ್ಲಿ ಆಶ್ರಯ ನೀಡಲಾಗಿದೆ. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸ್ವಯಂಸೇವಾ ಸಂಸ್ಥೆಯು ರಾಜ್ಯ ಅರಣ್ಯ ಇಲಾಖೆಯ ಸಹಯೋಗದಲ್ಲಿ ಕೇಂದ್ರವನ್ನು ನಡೆಸುತ್ತಿದೆ.

ಹಿನ್ನೆಲೆ

ಕರಡಿ ಕುಣಿಸುವುದು ಕಲಂದರ್ ಸಮುದಾಯದ ಪಾರಂಪರಿಕ ವೃತ್ತಿಯಾಗಿತ್ತು. ಮರಿಯ ಮೂತಿಯನ್ನು ಕಾದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸಲಾಗುತ್ತಿತ್ತು, ಕೋರೆಹಲ್ಲುಗಳನ್ನು ಮುರಿಯಲಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇದನ್ನು ಕಾನೂನುಬಾಹಿರಗೊಳಿಸಿದರೂ ಪದ್ಧತಿ ಮುಂದುವರಿದಿತ್ತು. ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ ಅವರು 1995ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. 2002ರ ಡಿಸೆಂಬರ್‌ನಲ್ಲಿ ಮೊದಲ ಕರಡಿಗಳು ಈ ಕೇಂದ್ರಕ್ಕೆ ಬಂದವು. 2009ರಲ್ಲಿ ರಾಜು ಎಂಬ ಕೊನೆಯ ಕುಣಿಯುವ ಕರಡಿಯನ್ನು ಬೆಂಗಳೂರಿನ ಬನ್ನೇರುಘಟ್ಟದಲ್ಲಿರುವ ಇದೇ ಸಂಸ್ಥೆಯ ಕೇಂದ್ರಕ್ಕೆ ಒಪ್ಪಿಸಲಾಯಿತು. ಒಟ್ಟು 600ಕ್ಕೂ ಹೆಚ್ಚು ಕರಡಿಗಳು ಹೀಗೆ ಬಿಡುಗಡೆ ಹೊಂದಿದವು.

ವೆಚ್ಚ ಮತ್ತು ಆದಾಯ

ಹಲ್ಲು ಕಳೆದುಕೊಂಡು, ಮನುಷ್ಯರ ನಡುವೆಯೇ ಬೆಳೆದ ಈ ಪ್ರಾಣಿಗಳು ಕಾಡಿನಲ್ಲಿ ಸ್ವತಂತ್ರವಾಗಿ ಬದುಕಲಾರವು. ಆದ್ದರಿಂದ ಅವುಗಳ ಜೀವಿತಾವಧಿಯುದ್ದಕ್ಕೂ ಆಹಾರ, ಚಿಕಿತ್ಸೆ ಮತ್ತು ಆರೈಕೆಯ ಹೊಣೆ ಕೇಂದ್ರದ ಮೇಲಿರುತ್ತದೆ. ಗಂಜಿ, ಹಣ್ಣು ಮತ್ತು ಜೇನುತುಪ್ಪ ಇವುಗಳ ಆಹಾರದಲ್ಲಿ ಸೇರಿವೆ. ಕುರುಡು, ಕ್ಷಯ ಹಾಗೂ ವೃದ್ಧಾಪ್ಯದ ಕಾಯಿಲೆಗಳಿಂದಾಗಿ ಪಶುವೈದ್ಯರ ಸೇವೆ ನಿರಂತರವಾಗಿ ಅಗತ್ಯವಾಗುತ್ತದೆ.

ಈ ವೆಚ್ಚದ ಬಹುಪಾಲನ್ನು ದೇಣಿಗೆಗಳು ಭರಿಸುತ್ತವೆ. ಆಸ್ಟ್ರೇಲಿಯಾದ ಫ್ರೀ ದ ಬೇರ್ಸ್, ಬ್ರಿಟನ್ನಿನ ಇಂಟರ್‌ನ್ಯಾಷನಲ್ ಅನಿಮಲ್ ರೆಸ್ಕ್ಯೂ ಮುಂತಾದ ವಿದೇಶಿ ಸಂಸ್ಥೆಗಳೂ ನೆರವಾಗಿವೆ. ದಾನಿಗಳು ನಿರ್ದಿಷ್ಟ ಕರಡಿಯೊಂದರ ಪೋಷಣೆಗೆ ಪ್ರಾಯೋಜಕರಾಗಬಹುದು. ಸಂದರ್ಶಕರು ಹಾಗೂ ಸ್ವಯಂಸೇವಕರು ನೀಡುವ ಶುಲ್ಕವು ಮತ್ತೊಂದು ಆದಾಯಮೂಲವಾಗಿದೆ.

ಸಂದರ್ಶಕರು

ಕೇಂದ್ರವು ಮೃಗಾಲಯವಲ್ಲ, ಭೇಟಿಗೆ ಮುಂಗಡ ಕಾಯ್ದಿರಿಸುವಿಕೆ ಅಗತ್ಯ. ಸಿಬ್ಬಂದಿಯ ಮಾರ್ಗದರ್ಶನದಲ್ಲಿ ಸಂದರ್ಶಕರು ಕರಡಿಗಳನ್ನು ದೂರದಿಂದ ವೀಕ್ಷಿಸಿ, ಅವುಗಳ ಹಿನ್ನೆಲೆಯನ್ನು ತಿಳಿಯುತ್ತಾರೆ. ಕರಡಿಗಳನ್ನು ಮುಟ್ಟಲು ಅವಕಾಶವಿಲ್ಲ. ಮನರಂಜನೆಗಾಗಿ ಹಿಂಸೆ ಅನುಭವಿಸಿದ ಪ್ರಾಣಿಗಳನ್ನು ಮತ್ತೆ ಪ್ರದರ್ಶನದ ವಸ್ತುವಾಗಿಸಬಾರದೆಂಬುದೇ ಇದರ ಆಶಯ. ಸ್ವಯಂಸೇವಕರು ಆಹಾರ ಸಿದ್ಧಪಡಿಸುವಿಕೆ, ಸ್ವಚ್ಛತೆ ಮೊದಲಾದ ಕೆಲಸಗಳಲ್ಲಿ ನೆರವಾಗುತ್ತಾರೆ.

ಕಲಂದರರ ಪುನರ್ವಸತಿ

ಸಂಗ್ರಹವಾದ ಹಣವೆಲ್ಲವೂ ಕರಡಿಗಳಿಗೇ ವ್ಯಯವಾಗುವುದಿಲ್ಲ. ಕರಡಿಯನ್ನು ಒಪ್ಪಿಸಿದ ಕುಟುಂಬಗಳಿಗೆ ಬದಲಿ ಉದ್ಯೋಗ ಆರಂಭಿಸಲು ಧನಸಹಾಯ, ಮಹಿಳೆಯರಿಗೆ ವೃತ್ತಿ ತರಬೇತಿ ಹಾಗೂ ಮಕ್ಕಳಿಗೆ ಶಿಕ್ಷಣದ ನೆರವು ನೀಡಲಾಗಿದೆ. ಕೆಲವರು ರಕ್ಷಣಾ ಕೇಂದ್ರಗಳಲ್ಲಿಯೇ ನೌಕರಿ ಪಡೆದಿದ್ದಾರೆ. ಜೀವನೋಪಾಯವಿಲ್ಲದಿದ್ದರೆ ಮರಿಗಳ ಬೇಟೆ ಪುನಃ ಆರಂಭವಾಗುವ ಸಂಭವವಿರುವುದರಿಂದ, ಈ ನೆರವನ್ನು ಕರಡಿ ಸಂರಕ್ಷಣೆಯ ಅವಿಭಾಜ್ಯ ಅಂಗವೆಂದು ಪರಿಗಣಿಸಲಾಗಿದೆ.