ಕಿತ್ತಳೆ ಪೆಟ್ಟಿಗೆಯಿಂದ ಯುಟಿಲಿಟಿ ಕುರ್ಚಿಯವರೆಗೆ: ಬ್ರಿಟನ್ನಿನ ಚಿಕ್ಕ ಮನೆಗಳ ಹಳೇ ಸಾಮಾನು

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಕೂಲಿನಾಲಿ ಮಾಡುವವರ ಮನೆಗೆ ಹೊಸ ಮೇಜು, ಹೊಸ ಕುರ್ಚಿ ಬರುತ್ತಿದ್ದದ್ದು ಅಪರೂಪ. ಬಾಡಿಗೆ ಬಾಕಿ ಉಳಿಸಿಕೊಂಡವರಿಂದ ಜಪ್ತಿಯಾದದ್ದು, ಹಿರಿಯರು ತೀರಿಕೊಂಡ ಮೇಲೆ ಹರಾಜಿಗೆ ಬಂದದ್ದು, ಗಿರವಿಯಿಟ್ಟು ಬಿಡಿಸಿಕೊಳ್ಳಲಾಗದೆ ಹೋದದ್ದು, ಹೀಗೆ ಇನ್ನೊಂದು ಮನೆಯ ಕಷ್ಟದ ದಾರಿಯಿಂದಲೇ ಸಾಮಾನು ಈ ಮನೆಗಳನ್ನು ಸೇರುತ್ತಿತ್ತು. ಬಡವರ ಕೇರಿಗಳಲ್ಲಿ ಹಳೇ ಸಾಮಾನಿನ ದಲ್ಲಾಳಿ ಅಂಗಡಿಗಳಿದ್ದವು. ಕೈಗಾಡಿ ತಳ್ಳಿಕೊಂಡು ಗುಜರಿಯವರು ಬರುತ್ತಿದ್ದರು. ಪತ್ರಕರ್ತ ಹೆನ್ರಿ ಮೇಹ್ಯೂ ಲಂಡನ್ನಿನ ಶ್ರಮಿಕರನ್ನೂ ಬಡವರನ್ನೂ ಕುರಿತು ಆ ಶತಮಾನದ ನಡುವೆ ಬರೆದ ದೊಡ್ಡ ಸಮೀಕ್ಷೆಯಲ್ಲಿ, ಬೀದಿಯಲ್ಲಿ ಹಳೆಯ ವಸ್ತು ಮಾರುವವರಿಗೇ ಪ್ರತ್ಯೇಕ ಭಾಗವೊಂದಿದೆ. 1855ರಲ್ಲಿ ಇಸ್ಲಿಂಗ್ಟನ್ ಬಳಿ ದನದ ಸಂತೆಗೆಂದು ತೆರೆದ ಕ್ಯಾಲೆಡೋನಿಯನ್ ಮಾರುಕಟ್ಟೆಯಲ್ಲಿ, ದನ ಬಾರದ ದಿನಗಳಲ್ಲಿ ತಿರುಗಾಟದ ವ್ಯಾಪಾರಿಗಳು ಕಲ್ಲುಹಾಸಿನ ಮೇಲೆ ಕುರ್ಚಿ, ಕನ್ನಡಿ, ಗಡಿಯಾರ, ಹಾಸಿಗೆಯ ಕಬ್ಬಿಣದ ಚೌಕಟ್ಟು ಎಲ್ಲವನ್ನೂ ಹರವಿಕೊಂಡು ಕೂರುತ್ತಿದ್ದರು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ದನದ ಸಂತೆಗಿಂತ ಈ ಸಂತೆಯೇ ಹೆಸರುವಾಸಿಯಾಗಿತ್ತು.

ಸಾಮಾನನ್ನು ಇಡಬೇಕಾಗಿದ್ದ ಕೋಣೆಯೋ ಬಲು ಚಿಕ್ಕದು. ಸಾಲುಮನೆಗಳಲ್ಲಿ ಬೀದಿಗೆ ಮುಖ ಮಾಡಿದ ಮುಂಗೋಣೆಯನ್ನು ನೆಂಟರಿಗೆ, ಭಾನುವಾರಕ್ಕೆ, ಸಾವಿನ ಮನೆಯ ದಿನಗಳಿಗೆ ಎಂದು ಮೀಸಲಿಡುತ್ತಿದ್ದರು. ದಿನನಿತ್ಯದ ಬದುಕೆಲ್ಲ ಒಲೆಯಿದ್ದ ಹಿಂಗೋಣೆಯಲ್ಲೇ ನಡೆಯುತ್ತಿತ್ತು. ಬಳಸುವ ಕೋಣೆ ಕಿಕ್ಕಿರಿದಿದ್ದರೂ ತೋರಿಸುವ ಕೋಣೆಗೇ ಒಳ್ಳೆಯ ಸಾಮಾನು ಹೋಗುತ್ತಿತ್ತು. ಮೊದಲ ಮಹಾಯುದ್ಧದ ನಂತರ ಕಂತಿನ ವ್ಯಾಪಾರ ಹಬ್ಬಿದಾಗ ಈ ಆಸೆಗೆ ಇನ್ನಷ್ಟು ಇಂಬು ಸಿಕ್ಕಿತು. ಒಂದು ಸೋಫಾ, ಎರಡು ದಪ್ಪ ಒರಗುಕುರ್ಚಿಗಳ ಜೋಡಣೆ 1930ರ ದಶಕದಲ್ಲಿ ಗೌರವಸ್ಥ ಮನೆಯ ಗುರುತಾಯಿತು. ದೊಡ್ಡ ಬಂಗಲೆಗೆ ಹೊಂದುವ ಈ ಮೂರು ತುಂಡುಗಳು ಮುಂಗೋಣೆಗೆ ಬಂದರೆ ಓಡಾಡಲು ಜಾಗ ಉಳಿಯುತ್ತಿರಲಿಲ್ಲ. ಆದರೂ ಜನ ಕಂತು ಕಟ್ಟಿ ಕೊಂಡರು. ಹಳೇ ಸಾಮಾನು ಎಂದರೆ ಬಡತನದ ವಾಸನೆ ಎಂಬ ಭಾವನೆ ಆಳವಾಗಿ ಬೇರೂರಿತ್ತು.

ಎರಡನೆಯ ಮಹಾಯುದ್ಧ ಇದನ್ನೆಲ್ಲ ಬುಡಮೇಲು ಮಾಡಿತು. ಬ್ರಿಟನ್ ತನಗೆ ಬೇಕಾದ ಮರದ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ಮೇಲೆರಗಿದಾಗ ಸ್ಕ್ಯಾಂಡಿನೇವಿಯಾದ ಮರದ ದಾರಿ ಮುಚ್ಚಿತು. ಉಳಿದ ಮರ ಸೇನೆಗೆ ಹೋಯಿತು. ಪೀಠೋಪಕರಣದ ಊರೆಂದೇ ಹೆಸರಾದ ಹೈ ವಿಕಂಬ್‌ನ ಬಡಗಿಗಳು ಕುರ್ಚಿ ಬಿಟ್ಟು, ಪ್ಲೈವುಡ್ ಮತ್ತು ಬಾಲ್ಸಾ ಮರದಿಂದ ಕಟ್ಟುತ್ತಿದ್ದ ಮಸ್ಕಿಟೋ ವಿಮಾನದ ಭಾಗಗಳನ್ನು ಮಾಡತೊಡಗಿದರು. ಅದೇ ವರ್ಷದ ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ ಬಾಂಬುಗಳ ಮಳೆ ಸುರಿಯಿತು. ಮನೆ ನಿಂತಿದ್ದರೂ ಒಳಗಿನದು ಸುಟ್ಟುಹೋದವರು, ಸೀಳಿದ ಕಿಟಕಿಯ ಪಕ್ಕದಲ್ಲಿ ಮುರಿದ ಬೀರು ಆಯ್ದುಕೊಂಡವರು ಸಾವಿರಗಟ್ಟಲೆ. ಸೈನಿಕರು ರಜೆಯಲ್ಲಿ ಬಂದು ಮದುವೆಯಾಗಿ ಹೊಸ ಸಂಸಾರ ಹೂಡುತ್ತಿದ್ದ ಕಾಲವೂ ಅದೇ. ಕೊಳ್ಳುವವರು ಹೆಚ್ಚಿದರು, ಮಾಡುವವರು ಇಲ್ಲವಾದರು, ಕ್ಯಾಲೆಡೋನಿಯನ್ ಸಂತೆ ಯುದ್ಧ ಶುರುವಾಗುತ್ತಲೇ ಬಾಗಿಲು ಹಾಕಿತ್ತು. ನಿನ್ನೆಯವರೆಗೆ ಯಾರೂ ಕೇಳದಿದ್ದ ಹಳೇ ಮೇಜಿಗೆ ಕೇಳಿದಷ್ಟು ಬೆಲೆ ಬಂತು.

ಆಗ ಮನೆಗಳಲ್ಲಿ ಕೈಕೆಲಸ ಅನಿವಾರ್ಯವಾಯಿತು. ಅದರ ಅತಿ ಸರಳ ಉದಾಹರಣೆ ಕಿತ್ತಳೆ ಪೆಟ್ಟಿಗೆ. ತೆಳು ಹಲಗೆಗಳನ್ನು ಮೊಳೆ ಹೊಡೆದು ಮಾಡಿದ ಉದ್ದನೆಯ ಪೆಟ್ಟಿಗೆ ಅದು. ಹಣ್ಣಿನ ಭಾರಕ್ಕೆ ಬಾಗದಿರಲೆಂದು ಸರಿಯಾಗಿ ನಡುವೆ ಒಂದು ಅಡ್ಡ ಹಲಗೆ ಇರುತ್ತಿತ್ತು. ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರೆ ಆ ಅಡ್ಡ ಹಲಗೆಯೇ ನಡುವಿನ ಗೂಡಿನ ತಟ್ಟೆಯಾಗಿ, ಎರಡು ಅಂತಸ್ತಿನ ಪುಟ್ಟ ಕಪಾಟು ಸಿದ್ಧವಾಗುತ್ತಿತ್ತು. ಮುಂದುಗಡೆ ತಂತಿ ಎಳೆದು ಹಳೇ ಪರದೆಯ ತುಂಡು ತೂಗುಹಾಕಿದರೆ ಬಾಗಿಲೂ ಆಯಿತು. ಎರಡು ಪೆಟ್ಟಿಗೆಗಳನ್ನು ಅಂತರ ಬಿಟ್ಟು ನಿಲ್ಲಿಸಿ ಮೇಲೊಂದು ಹಲಗೆಯಿಟ್ಟರೆ ಬರೆಯುವ ಮೇಜೋ ಅಲಂಕಾರದ ಮೇಜೋ ದೊರೆಯಿತು. ಭಾರತ ಮತ್ತು ಸಿಲೋನಿನಿಂದ ಚಹಾ ತುಂಬಿಕೊಂಡು ಬಂದ ಪ್ಲೈವುಡ್ ಪೆಟ್ಟಿಗೆಗಳು ಇನ್ನೂ ಗಟ್ಟಿ. ಅವುಗಳ ಅಂಚಿನ ತಗಡಿಗೆ ಕೈ ಕೊಯ್ಯದಂತೆ ಬಟ್ಟೆ ಸುತ್ತಿ, ಮೇಲೆ ದಿಂಬು ಹಾಕಿ ಕೂರುವುದಕ್ಕೆ ಬಳಸಿದರು. ಇವನ್ನು ಯಾವ ವಿನ್ಯಾಸಕಾರನೂ ಕಲಿಸಿಕೊಟ್ಟದ್ದಲ್ಲ. ನೆರೆಮನೆಯಲ್ಲಿ ಕಂಡು ಮಾಡಿಕೊಂಡದ್ದು.

ಸರಕಾರ ಮೊದಲು ಬಾಂಬಿಗೆ ಸಿಕ್ಕವರಿಗಾಗಿ ತುರ್ತು ಪೀಠೋಪಕರಣ ಮಾಡಿಸಿತು. ಅದು ಸಾಲಲಿಲ್ಲ. 1942ರ ಜುಲೈನಲ್ಲಿ ಸರಕಾರದ ವಾಣಿಜ್ಯ ಇಲಾಖೆಯಾದ ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿದ್ದ ಹ್ಯೂ ಡಾಲ್ಟನ್ ಒಂದು ಸಲಹಾ ಸಮಿತಿ ನೇಮಿಸಿದರು. ಕವಿ ಟೆನಿಸನ್‌ನ ಮೊಮ್ಮಗ ಚಾರ್ಲ್ಸ್ ಟೆನಿಸನ್ ಅದರ ಅಧ್ಯಕ್ಷರು. ಕಾಟ್ಸ್‌ವಲ್ಡ್ಸ್ ಪ್ರಾಂತ್ಯದ ಪೀಠೋಪಕರಣ ತಯಾರಕ ಗಾರ್ಡನ್ ರಸೆಲ್, ಬಡವರ ವಸತಿಗಾಗಿ ದುಡಿದಿದ್ದ ಎಲಿಜಬೆತ್ ಡೆನ್ಬಿ, ಲೀಡ್ಸ್ ನಗರದ ಕೊಳೆಗೇರಿ ನಿವಾರಣೆಗೆ ಹೆಸರಾಗಿದ್ದ ಪಾದ್ರಿ ಚಾರ್ಲ್ಸ್ ಜೆಂಕಿನ್ಸನ್ ಸದಸ್ಯರಾಗಿದ್ದರು. ಕುರ್ಚಿ ಮಾಡಿದವರಷ್ಟೇ ಅಲ್ಲದೆ ಕುರ್ಚಿಯಿಲ್ಲದ ಮನೆಗಳನ್ನು ಹೊಕ್ಕು ಬಂದವರೂ ಸಮಿತಿಯಲ್ಲಿ ಕೂತಿದ್ದು ಈ ಯೋಜನೆಯ ದೊಡ್ಡ ಪುಣ್ಯ. ಮರದ ಮಿತವ್ಯಯ, ಗಟ್ಟಿತನ, ಕಡಿಮೆ ಬೆಲೆ, ನೋಡಲು ಅಚ್ಚುಕಟ್ಟು, ಇಷ್ಟನ್ನು ಗುರಿಯಿಟ್ಟುಕೊಂಡು ಹೈ ವಿಕಂಬ್‌ನ ಎಡ್ವಿನ್ ಕ್ಲಿಂಚ್ ಮತ್ತು ಎಚ್. ಟಿ. ಕಟ್ಲರ್ ನಕ್ಷೆಗಳನ್ನು ತಯಾರಿಸಿದರು. ಅಕ್ಟೋಬರಿನಲ್ಲಿ ಲಂಡನ್ನಿನ ಬಿಲ್ಡಿಂಗ್ ಸೆಂಟರ್‌ನಲ್ಲಿ ಮಾದರಿಗಳ ಪ್ರದರ್ಶನ ನಡೆಯಿತು. 1943ರ ಜನವರಿ 1ರಂದು ಸುಮಾರು 30 ವಸ್ತುಗಳ ಪಟ್ಟಿ ಹೊರಬಿತ್ತು. ಇದಕ್ಕೆ ಯುಟಿಲಿಟಿ ಪೀಠೋಪಕರಣ ಎಂದು ಹೆಸರಾಯಿತು.

ಒಂದು ಯುಟಿಲಿಟಿ ಬೀರುವನ್ನು ಹತ್ತಿರದಿಂದ ನೋಡಿದರೆ ಆ ಕಾಲದ ಕೊರತೆಯೆಲ್ಲ ಅದರಲ್ಲಿ ಕಾಣುತ್ತದೆ. ಚೌಕಟ್ಟು ಮಾತ್ರ ಓಕ್ ಅಥವಾ ಮಹಾಗನಿಯದು. ಒಂದು ಮರದ ಪಟ್ಟಿಯ ತುದಿಯನ್ನು ಕೆತ್ತಿ ಇನ್ನೊಂದರ ತೂತಿಗೆ ಬಿಗಿಯಾಗಿ ಕೂರಿಸುವ ಹಳೆಯ ಬಡಗಿ ಕ್ರಮದಲ್ಲೇ ಮೂಲೆಗಳನ್ನು ಜೋಡಿಸಿದ್ದಾರೆ. ಬಾಗಿಲು, ಬದಿಗಳಲ್ಲಿ ಪ್ಲೈವುಡ್ ಇಲ್ಲ, ಅದು ವಿಮಾನಕ್ಕೆ ಹೋಗಿತ್ತು. ಅದರ ಬದಲು ಮರದ ತೆಳು ಪದರ ಅಂಟಿಸಿದ ಹಾರ್ಡ್‌ಬೋರ್ಡ್ ಇದೆ. ಹಿಡಿಗಳು ಮರದ ಗುಂಡಿಗಳು, ಏಕೆಂದರೆ ಲೋಹ ಸಿಗುತ್ತಿರಲಿಲ್ಲ. ಕೆತ್ತನೆ, ಅಂಟಿಸಿದ ಅಲಂಕಾರ ಎಲ್ಲೂ ಇಲ್ಲ. ಕಳಪೆ ಕೆಲಸವನ್ನು ಅಲಂಕಾರದಿಂದ ಮುಚ್ಚುವ ದಾರಿ ಹೀಗೆ ತಾನಾಗಿಯೇ ಮುಚ್ಚಿಹೋಯಿತು. ಎಲ್ಲೋ ಹಿಂಬದಿಯಲ್ಲಿ ಸಿಸಿ41 ಎಂಬ ಮುದ್ರೆ ಇರುತ್ತದೆ. ರೆಜಿನಾಲ್ಡ್ ಶಿಪ್ ಬರೆದ, ಒಂದೊಂದು ಚೂರು ಕತ್ತರಿಸಿದ ಎರಡು ದುಂಡು ಅಕ್ಷರಗಳ ಈ ಗುರುತು ಮೊದಲು ಬಟ್ಟೆಗಾಗಿ ಬಂದದ್ದು. ಹಗಲು ಸೋಫಾ ಆಗಿದ್ದು ರಾತ್ರಿ ಹಾಸಿಗೆಯಾಗುವ ವಸ್ತುವೂ ಪಟ್ಟಿಯಲ್ಲಿತ್ತು. ಒಂದೇ ಕೋಣೆಯಲ್ಲಿ ಸಂಸಾರ ಮಾಡುವವರಿದ್ದಾರೆ ಎಂಬುದನ್ನು ಸರಕಾರಿ ದಾಖಲೆಯೊಂದು ಒಪ್ಪಿಕೊಂಡ ಬಗೆ ಅದು.

ಹಣವಿದ್ದರೆ ಸಾಕಾಗುತ್ತಿರಲಿಲ್ಲ, ಪರವಾನಗಿ ಬೇಕಿತ್ತು. ಹೊಸದಾಗಿ ಮದುವೆಯಾದವರಿಗೂ ಬಾಂಬಿನಿಂದ ಮನೆ ಕಳೆದುಕೊಂಡವರಿಗೂ ಅದು ಮೊದಲು ಸಲ್ಲುತ್ತಿತ್ತು. ಪ್ರತಿ ವಸ್ತುವಿಗೂ ಇಂತಿಷ್ಟು ಅಂಕ ಖರ್ಚಾಗುತ್ತಿತ್ತು. ಒಂದು ಜೋಡಿಗೆ ಆರಂಭದಲ್ಲಿ 60 ಅಂಕ ಸಿಗುತ್ತಿತ್ತು, ಮುಂದೆ ಅದು 30ಕ್ಕೆ ಇಳಿಯಿತು. ಊಟದ ಕುರ್ಚಿಗೆ 1 ಅಂಕ, ಬೀರುವಿಗೆ 8. ಮೂವತ್ತು ಅಂಕದಲ್ಲಿ ಮನೆ ತುಂಬುವುದು ಸಾಧ್ಯವಿರಲಿಲ್ಲ. ಹೀಗಾಗಿ ಪ್ರತಿ ಸಂಸಾರವೂ ತನಗೆ ನಿಜವಾಗಿ ಏನು ಬೇಕು ಎಂದು ಲೆಕ್ಕ ಹಾಕಿ, ಮಿಕ್ಕದ್ದನ್ನು ಅಜ್ಜಿಯ ಮನೆಯಿಂದಲೋ ಹಳೇ ಅಂಗಡಿಯಿಂದಲೋ ತಂದುಕೊಂಡಿತು. ಯುದ್ಧಕಾಲದ ಇಂಗ್ಲಿಷ್ ಹಜಾರ ಹೀಗೆ ಮೂರು ಮೂಲಗಳ ಕೂಡಾಟ: ಪರವಾನಗಿಯ ಮೇಜು, ಯಾರೋ ಬಳಸಿಬಿಟ್ಟ ಕುರ್ಚಿ, ಕಿತ್ತಳೆ ಪೆಟ್ಟಿಗೆಯ ಕಪಾಟು. ನೂರಾರು ಕಾರ್ಖಾನೆಗಳು ಒಂದೇ ನಕ್ಷೆಯಂತೆ ಕೆಲಸ ಮಾಡಿದವು. ಸಾಗಾಟದ ಇಂಧನ ಉಳಿಸಲು ಆಯಾ ಪ್ರದೇಶದ ಬೇಡಿಕೆಯನ್ನು ಹತ್ತಿರದ ಕಾರ್ಖಾನೆಯೇ ಪೂರೈಸಬೇಕಿತ್ತು.

ಜನ ಇದನ್ನು ಪ್ರೀತಿಸಿದರೇ ಎಂದರೆ, ಹೆಚ್ಚಿನವರು ಪ್ರೀತಿಸಲಿಲ್ಲ. ಉಪಯೋಗಕ್ಕೆ ಒಪ್ಪಿಕೊಂಡರು, ಗಟ್ಟಿತನವನ್ನು ಮೆಚ್ಚಿದರು. ಆದರೆ ಬೋಳಾದ ಮರ ಕೊರತೆಯ ನೆನಪನ್ನೇ ತರುತ್ತಿತ್ತು. ಕಡಿಮೆ ಆದಾಯದವರ ಅಭಿರುಚಿ ಇದರಿಂದ ತಿದ್ದುಪಡಿಯಾಗುತ್ತದೆ ಎಂದು ಗಾರ್ಡನ್ ರಸೆಲ್ ಮತ್ತು ಅವರ ಸಂಗಡಿಗರು ನಂಬಿದ್ದರು. 1948ರಲ್ಲಿ ಪೀಠೋಪಕರಣದ ಪಡಿತರ ನಿಂತಿತು, 1952ರ ಕೊನೆಯ ಹೊತ್ತಿಗೆ ಯೋಜನೆಯೂ ಮುಗಿಯಿತು. ಅಂಗಡಿಗಳಿಗೆ ಹೊಳಪು, ಬಾಗು, ಬಣ್ಣ ಮರಳಿದೊಡನೆ ಜನ ಅತ್ತ ಹೊರಳಿದರು. ಸೌಂದರ್ಯದ ಪಾಠವಾಗಿ ಯುಟಿಲಿಟಿ ಸೋತಿರಬಹುದು. ಆದರೆ ಅಗತ್ಯವಿದ್ದವನಿಗೆ ಗಟ್ಟಿಯಾದ ಮೇಜೊಂದನ್ನು ನ್ಯಾಯವಾದ ಬೆಲೆಗೆ ತಲುಪಿಸಿದ ಕೆಲಸವಾಗಿ ಅದನ್ನು ಮೀರಿಸಿದ ಯೋಜನೆ ಆ ದೇಶದಲ್ಲಿ ಮತ್ತೆ ಬರಲಿಲ್ಲ.

ಯೂರೋಪಿನ ಖ್ಯಾತ ವಿನ್ಯಾಸಕಾರರ ಪ್ರಯತ್ನಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಆರ್ಥಿಕ ಕುಸಿತದ ಕಾಲದಲ್ಲಿ, 1934ರಲ್ಲಿ, ಡಚ್ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್ ಸಾಮಾನು ತುಂಬುವ ಪೆಟ್ಟಿಗೆಯ ಹಲಗೆಗಳನ್ನೇ ಮಾದರಿಯಾಗಿಟ್ಟು ಕುರ್ಚಿ ಮಾಡಿದರು. ಆಮ್‌ಸ್ಟರ್‌ಡ್ಯಾಮಿನ ಮೆಟ್ಸ್ ಎಂಬ ಮಳಿಗೆ ಅದನ್ನು ಬಿಡಿಭಾಗಗಳಾಗಿ ಮಾರಿತು. ಆದರೆ ಮೆಟ್ಸ್ ಶ್ರೀಮಂತರ ಮಳಿಗೆ. ಇಟಲಿಯ ಎಂಜೊ ಮಾರಿ 1974ರಲ್ಲಿ ಬರಿಯ ಹಲಗೆ, ಮೊಳೆಗಳಿಂದ ಯಾರಾದರೂ ಮಾಡಿಕೊಳ್ಳಬಹುದಾದ 19 ವಿನ್ಯಾಸಗಳನ್ನು ಪ್ರಕಟಿಸಿ, ಅಂಚೆವೆಚ್ಚ ಕಳಿಸಿದವರಿಗೆಲ್ಲ ನಕ್ಷೆ ಹಂಚಿದರು. ಕುರ್ಚಿಯೊಂದನ್ನು ತಾನೇ ಮಾಡಿದವನಿಗೆ ಅಂಗಡಿಯ ಕುರ್ಚಿಯ ಗುಣದೋಷ ಗೊತ್ತಾಗುತ್ತದೆ ಎಂಬುದು ಅವರ ವಾದ. ಬಹುಪಾಲು ಜನ ಅದನ್ನು ಹಳ್ಳಿಗಾಡಿನ ಹೊಸ ಶೋಕಿಯೆಂದು ಓದಿಕೊಂಡರೆಂಬ ಬೇಸರ ಮಾರಿ ಅವರಿಗಿತ್ತು. ಮುಂದೆ ಆ ವಿನ್ಯಾಸಗಳಲ್ಲಿ ಒಂದಾದ ಕುರ್ಚಿಯ ಹಲಗೆಗಳನ್ನು ಫಿನ್ಲೆಂಡಿನ ಕಂಪನಿಯೊಂದು ದುಬಾರಿ ಬೆಲೆಗೆ ಮಾರಿತು. ಬರ್ಲಿನ್ನಿನಲ್ಲಿ ನಿರಾಶ್ರಿತ ಯುವಕರು ಎಂಜೊ ಮಾರಿಯವರ ಅನುಮತಿ ಪಡೆದು ಅವೇ ವಿನ್ಯಾಸಗಳಲ್ಲಿ ಕುರ್ಚಿ ಮಾಡಿ ಮಾರಿದ್ದು ಮಾತ್ರ ಮೂಲ ಆಶಯಕ್ಕೆ ಹತ್ತಿರವಾದದ್ದು.

ಯುದ್ಧ ಮುಗಿದ ಬ್ರಿಟನ್ನಿಗೆ ಬಂದರೆ, ಕಾರ್ಖಾನೆಯಲ್ಲಿ ತಯಾರಾಗಿ ನಿವೇಶನಕ್ಕೆ ಬಂದು ನಿಲ್ಲುತ್ತಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ತಾತ್ಕಾಲಿಕ ಮನೆಗಳು 1940ರ ದಶಕದ ಕೊನೆಯೊಳಗೆ ಎದ್ದವು. ಅವುಗಳಲ್ಲಿ ಕಪಾಟುಗಳು ಗೋಡೆಯಲ್ಲೇ ಸೇರಿದ್ದರಿಂದ ಬೀರುವಿನ ಚಿಂತೆ ತಪ್ಪಿತು. ಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಸರಕಾರ ಒಂದು ಲಕ್ಷ ಅಡುಗೆಮನೆ ಕುರ್ಚಿಗಳನ್ನು ಕಡಿಮೆ ಬೆಲೆಗೆ ಕೇಳಿದಾಗ, ಇಟಲಿಯಲ್ಲಿ ಹುಟ್ಟಿ ಹೈ ವಿಕಂಬ್‌ನಲ್ಲಿ ನೆಲೆಸಿದ್ದ ಲೂಸಿಯನ್ ಎರ್ಕೊಲಾನಿ ಹಬೆಯಲ್ಲಿ ಮರ ಬಾಗಿಸುವ ಹಳ್ಳಿಗರ ವಿಂಡ್ಸರ್ ಕುರ್ಚಿಯ ವಿದ್ಯೆಯನ್ನು ಯಂತ್ರಕ್ಕೆ ಹೊಂದಿಸಿದರು. ಹಗುರವಾದ ಆ ಕುರ್ಚಿಗಳನ್ನು ಊಟವಾದ ಮೇಲೆ ಒಂದೇ ಕೈಯಲ್ಲಿ ಎತ್ತಿ ಬದಿಗಿಡಬಹುದಿತ್ತು. ಚಿಕ್ಕ ಕೋಣೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕೊರತೆ ಹೋದರೂ ಕೈಕೆಲಸದ ರೂಢಿ ಹೋಗಲಿಲ್ಲ. ಮನೆ ಕೊಂಡವರು ಹೆಚ್ಚಿದರು, ಕೆಲಸದವರ ಕೂಲಿ ಏರಿತು. 1955ರಲ್ಲಿ ಪ್ರ್ಯಾಕ್ಟಿಕಲ್ ಹೌಸ್‌ಹೋಲ್ಡರ್ ಮಾಸಪತ್ರಿಕೆ ಬಂತು. ಬಿಬಿಸಿ ಟೆಲಿವಿಷನ್ನಿನಲ್ಲಿ ಬ್ಯಾರಿ ಬಕ್ನೆಲ್ ಗರಗಸ ಹಿಡಿದು ಮನೆಮಾತಾದರು. ಯುದ್ಧಕಾಲದಲ್ಲಿ ಮರದ ಬದಲಿಗೆ ಬಂದಿದ್ದ ಹಾರ್ಡ್‌ಬೋರ್ಡ್ ಈಗ ಹೊಸತನದ ವಸ್ತುವಾಯಿತು. ವಿಕ್ಟೋರಿಯಾ ಕಾಲದ ಕೆತ್ತನೆಯ ಬಾಗಿಲುಗಳ ಮೇಲೆ ಅದನ್ನು ಮೊಳೆ ಹೊಡೆದು ನುಣುಪು ಮಾಡಿದರು, ಹಳೆಯ ಅಗ್ಗಿಷ್ಟಿಕೆಗಳನ್ನು ಮುಚ್ಚಿದರು. ಮುಂದಿನ ತಲೆಮಾರು ಅದೇ ಹಾರ್ಡ್‌ಬೋರ್ಡ್ ಕಿತ್ತು ಕೆತ್ತನೆಯನ್ನು ಹೊರತೆಗೆಯಿತು. 1987ರಲ್ಲಿ ಸ್ವೀಡನ್ನಿನ ಐಕಿಯಾ ವಾರಿಂಗ್ಟನ್ನಿನಲ್ಲಿ ಮಳಿಗೆ ತೆರೆದು, ಮನೆಯಲ್ಲೇ ಜೋಡಿಸಿಕೊಳ್ಳುವ ಅಗ್ಗದ ಹೊಸ ಸಾಮಾನು ತಂದಿತು.

ಹಳೇ ಸಾಮಾನಿನ ವ್ಯಾಪಾರವನ್ನು ಈ ಅಗ್ಗದ ಹೊಸ ಸಾಮಾನಿಗಿಂತಲೂ ಆಳವಾಗಿ ಬದಲಿಸಿದ್ದು ಬೆಂಕಿ. 1979ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ವೂಲ್ವರ್ತ್ಸ್ ಅಂಗಡಿಯ ಪೀಠೋಪಕರಣ ವಿಭಾಗದಲ್ಲಿ ಬೆಂಕಿ ಹತ್ತಿ 10 ಜನ ಸತ್ತರು. ಸೋಫಾಗಳಲ್ಲಿ ತುಂಬಿದ್ದ ಪಾಲಿಯುರೆಥೇನ್ ಫೋಮ್ ಉರಿದು ಉಗುಳಿದ ವಿಷದ ಹೊಗೆ ಎಲ್ಲರ ಗಮನಕ್ಕೆ ಬಂತು. 1988ರಲ್ಲಿ ಅಗ್ನಿಸುರಕ್ಷತಾ ನಿಯಮಗಳು ಬಂದವು, 1993ರಿಂದ ಬಳಸಿದ ಸಾಮಾನು ಮಾರುವ ಅಂಗಡಿಗಳಿಗೂ ಅವು ಅನ್ವಯವಾದವು. ಅಂದಿನಿಂದ ದತ್ತಿ ಸಂಸ್ಥೆಗಳ ಅಂಗಡಿಯವರು ಸೋಫಾ ಕೊಡಲು ಬಂದವರ ಎದುರಿಗೇ ಮೆತ್ತೆ ಎತ್ತಿ, ಹೊಲಿದ ಸುರಕ್ಷತಾ ಚೀಟಿ ಇದೆಯೇ ಎಂದು ನೋಡುತ್ತಾರೆ. ಚೀಟಿ ಕತ್ತರಿಸಿದ್ದರೆ ಎಷ್ಟೇ ಒಳ್ಳೆಯ ಸೋಫಾ ಆದರೂ ತೆಗೆದುಕೊಳ್ಳುವುದಿಲ್ಲ. ಬರಿಯ ಮರದ ಮೇಜು, ಕಪಾಟುಗಳಿಗೆ ಈ ತೊಡಕಿಲ್ಲ. 1950ರ ಜನವರಿ 1ಕ್ಕಿಂತ ಮೊದಲು ತಯಾರಾದ ಪೀಠೋಪಕರಣಗಳನ್ನೂ ನಿಯಮದಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಆ ದಿನಾಂಕಕ್ಕಿಂತ ಹಿಂದಿನ ಮೆತ್ತೆಯ ಯುಟಿಲಿಟಿ ಕುರ್ಚಿಯನ್ನು ಯಾವ ಚೀಟಿಯೂ ಇಲ್ಲದೆ ಇಂದಿಗೂ ಮಾರಬಹುದು.