ಮಕ್ಕಳ ಕಿವಿನೋವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಬಹುದೇ?

ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಎರಡು ಹನಿ ಬಿಟ್ಟರೆ ಮಗುವಿನ ಕಿವಿನೋವು ಮಾಯವಾಗುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ನಮ್ಮ ಉತ್ತರ: ಬಿಡಬೇಡಿ.

ನೋವು ಇರುವುದೆಲ್ಲಿ?
ನೆಗಡಿಯ ನಂತರ ಬರುವ ಸೋಂಕು ಸಾಮಾನ್ಯವಾಗಿ ಕಿವಿತಮಟೆಯ ಹಿಂದೆ, ಮಧ್ಯಕಿವಿಯಲ್ಲಿ ಇರುತ್ತದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡವಾಗಿರುತ್ತದೆ. ನೆಗಡಿಯಾದಾಗ ಊದಿ ಮುಚ್ಚಿಕೊಳ್ಳುತ್ತದೆ. ಒಳಗೆ ದ್ರವ ತುಂಬಿ ತಮಟೆಯನ್ನು ಒತ್ತುವುದೇ ನೋವಿಗೆ ಕಾರಣ.

ಎಣ್ಣೆ ಏಕೆ ಬೇಡ?
ತಮಟೆ ಸರಿಯಿದ್ದರೆ ಎಣ್ಣೆ ಸೋಂಕಿನ ಜಾಗಕ್ಕೆ ತಲುಪುವುದೇ ಇಲ್ಲ. ತಮಟೆ ತೂತಾಗಿದ್ದರೆ ನೇರ ಒಳಗಿಳಿದು ತೊಂದರೆ ಹೆಚ್ಚಿಸುತ್ತದೆ. ತೂತಾಗಿದೆಯೇ ಎಂದು ಮನೆಯಲ್ಲಿ ತಿಳಿಯಲಾಗದು. ಬಿಸಿ ಎಣ್ಣೆಯಿಂದ ಕಿವಿ ಸುಡಲೂಬಹುದು.

ಹಾಗಾದರೆ ಕೆಲವರಿಗೆ ವಾಸಿಯಾಗಿದ್ದು ಹೇಗೆ? ಹೆಚ್ಚಿನ ಕಿವಿನೋವು 2-3 ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತಮಟೆ ಒಡೆದರೂ ಒತ್ತಡ ಇಳಿದು ನೋವು ತಟ್ಟನೆ ನಿಲ್ಲುತ್ತದೆ! ಹೆಸರು ಮಾತ್ರ ಎಣ್ಣೆಗೆ ಬರುತ್ತದೆ.

ಮನೆಯಲ್ಲಿ ಏನು ಮಾಡಬಹುದು?
• ಪ್ಯಾರಾಸಿಟಮಾಲ್ ಸಿರಪ್ ಕೊಡಬಹುದು. ಅಳತೆ ವಯಸ್ಸಿಗಲ್ಲ, ತೂಕಕ್ಕೆ: ಒಂದು ಸಲಕ್ಕೆ ಪ್ರತಿ ಕೆಜಿಗೆ 10-15 ಮಿ.ಗ್ರಾಂ. ಅಂದರೆ 10 ಕೆಜಿ ಮಗುವಿಗೆ 100-150 ಮಿ.ಗ್ರಾಂ. ಮಧ್ಯೆ 6 ಗಂಟೆ ಅಂತರವಿರಲಿ. ದಿನಕ್ಕೆ 4 ಸಲ ಮೀರಬಾರದು.
• ಬಾಟಲಿಯ ಲೇಬಲ್ ಓದಿ. 5 ಮಿ.ಲೀ.ನಲ್ಲಿ 120, 125 ಅಥವಾ 250 ಮಿ.ಗ್ರಾಂ ಇರಬಹುದು. ಹನಿ ಔಷಧ ಇನ್ನೂ ಗಟ್ಟಿ. ಪಕ್ಕದ ಮನೆಯ ಮಗುವಿನ ಚಮಚದ ಲೆಕ್ಕ ನಿಮ್ಮ ಮಗುವಿಗೆ ಹೊಂದದು.
• ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕಿವಿಯ ಹೊರಗೆ ಇಡಿ.
• ಎತ್ತಿಕೊಂಡು ಕೂರಿಸಿಕೊಳ್ಳಿ. ಮಲಗಿದಾಗ ಒತ್ತಡ ಹೆಚ್ಚಿ ನೋವು ಜಾಸ್ತಿಯಾಗುತ್ತದೆ.

ಆಸ್ಪಿರಿನ್, ಇಯರ್ ಬಡ್, ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮೂರೂ ಬೇಡ. ಆ್ಯಂಟಿಬಯೋಟಿಕ್ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಅದನ್ನು ವೈದ್ಯರು ಕಿವಿ ನೋಡಿ ನಿರ್ಧರಿಸಬೇಕು.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದದ್ದು ಯಾವಾಗ?
ಮಗು 6 ತಿಂಗಳಿಗಿಂತ ಚಿಕ್ಕದಾಗಿದ್ದರೆ ಮನೆಮದ್ದಿಗೆ ಕಾಯದೆ, ಸಿರಪ್ಪನ್ನೂ ವೈದ್ಯರನ್ನು ಕೇಳಿಯೇ ಕೊಡಿ. ಕಿವಿಯಿಂದ ಕೀವು ಅಥವಾ ರಕ್ತ ಸೋರಿದರೆ, 39 ಡಿಗ್ರಿ ಸೆಲ್ಸಿಯಸ್ (ಸುಮಾರು 102 ಫ್ಯಾರನ್‌ಹೀಟ್) ದಾಟಿದ ಜ್ವರವಿದ್ದರೆ, 2 ದಿನಗಳಲ್ಲಿ ನೋವು ಇಳಿಯದಿದ್ದರೆ ತೋರಿಸಲೇಬೇಕು. ಕಿವಿಯ ಹಿಂದೆ ಊದಿ ಕೆಂಪಾದರೆ, ಕುತ್ತಿಗೆ ಬಿಗಿದರೆ, ಮಗು ಮಂಕಾಗಿ ಎಚ್ಚರಗೊಳ್ಳದಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಎಣ್ಣೆಯ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ.